ಅಪ್‌ಡೇಟ್: ನಮ್ಮ 8 ತಿಂಗಳ ಲ್ಯಾಬ್ರಡಾರ್ ನಾಯಿಮರಿ ಈಗ ಸಂಜೆ ಸುಮ್ನೆ ಮಲಗುತ್ತಾಳೆ

ಕಾಲಿನ ಕೀಲುಗಳಿಗೆ ಪೆಟ್ಟಾಗದ ಹಾಗೆ ಇವಳನ್ನು ಆಡಿಸಿ ಸುಸ್ತು ಮಾಡೋದು ಹೇಗೆ ಅಂತ 10 ದಿನದ ಹಿಂದೆ ಕೇಳಿದ್ದೆ ಅಲ್ವಾ? ಕೆಲಸಕ್ಕೆ ಬಂದದ್ದು ಮೂಸುವ ಆಟ. ಹಳೇ ಬೈರಾಸನ್ನು (ಟವೆಲ್) ಸುತ್ತಿ ಮಡಿಕೆಗಳಲ್ಲಿ ಅವಳ ಡ್ರೈ ಫುಡ್ ಬಚ್ಚಿಟ್ಟರೆ, ಮೂಗು ತೂರಿಸಿ, ಬುಸುಬುಸು ಉಸಿರು ಬಿಡುತ್ತಾ, ಒಂದೊಂದೇ ಕಾಳು ಹುಡುಕಿ 20 ನಿಮಿಷಕ್ಕೆ ಜಗಲಿಯಲ್ಲಿ ಮಲಗಿಬಿಡುತ್ತಾಳೆ. ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.

ಚೆಂಡು ಎಸೆದು ಆಡಿಸುವುದು ಸರಿಹೋಗಲಿಲ್ಲ. ಓಡಿ ಗಕ್ಕನೆ ನಿಂತು ತಿರುಗುವಾಗ ಕೀಲಿನ ಮೇಲೆ ಭಾರ ಜಾಸ್ತಿ, ಮರುದಿನ ಸ್ವಲ್ಪ ಕುಂಟಿದಳು, ನೋಡಿ ಹೊಟ್ಟೆ ಚುರುಕ್ ಅಂದಿತು. ಡಾಕ್ಟರ್ ಹೇಳಿದ್ದು ನನಗೆ ಹೊಸದು: ದೊಡ್ಡ ತಳಿಗಳಲ್ಲಿ ಮೂಳೆ ಬೆಳೆಯುವ ತುದಿಗಳು ಗಟ್ಟಿಯಾಗಲು 12ರಿಂದ 18 ತಿಂಗಳು ಬೇಕು, ಮನೆಯ ಟೈಲ್ಸ್ ಮೇಲೆ ಜಾರುವುದೂ ಒಳ್ಳೆಯದಲ್ಲ. ಅವತ್ತೇ ಚಾಪೆ ಹಾಸಿದೆವು.

ಮಲ್ಪೆ ಬೀಚಿನಲ್ಲಿ ಈಗ ಕಾಲು ಹೂತುಹೋಗುವ ಒಣ ಮರಳು ಬಿಟ್ಟು, ನೀರಂಚಿನ ಗಟ್ಟಿ ಮರಳಲ್ಲಿ ನಿಧಾನ ನಡೆಸುತ್ತೇವೆ.