ಟರ್ಬೊ ಕಾರಿನ ಗೇರ್‌ಬಾಕ್ಸ್‌ಗೆ ಕಾರ್ಬನ್ ಸಿಂಕ್ರೊ ರಿಂಗ್ ಹಾಕಿಸಬೇಕೇ?

ಸಿರಾಗೇಟ್ ಟರ್ಬೊ, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರಿನ ಮ್ಯಾನ್ಯುಯಲ್ ಬಾಕ್ಸ್ ಇರುವ ಹಳೆಯ ಸೆಡಾನ್ ಇದೆ. ಕಂಪನಿಯ ಹೆಸರು ಬರೆದರೆ ಚರ್ಚೆ ಗೇರ್‌ಬಾಕ್ಸನ್ನು ಬಿಟ್ಟು ಆ ಕಂಪನಿಯ ಗುಣದೋಷಗಳ ಕಡೆಗೆ ಹೊರಳುತ್ತದೆ ಎಂದು ಬೇಕೆಂದೇ ಬರೆದಿಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಹೆಚ್ಚಿಸಿದ ಮೇಲೆ ಹಳೆಯ ಕ್ಲಚ್ ಜಾರತೊಡಗಿದ್ದರಿಂದ, ಗಟ್ಟಿಯಾದ ಪ್ರೆಶರ್ ಪ್ಲೇಟನ್ನೂ ಅದಕ್ಕೆ ಹೊಂದುವ ಭಾರವಾದ ಕ್ಲಚ್ ಪ್ಲೇಟನ್ನೂ ಹಾಕಿಸಿದ್ದೇನೆ. ರೆವ್ ಮಿತಿಯನ್ನು, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಮಿತಿಯನ್ನು, 6500ರಿಂದ 7200ಕ್ಕೆ ಏರಿಸಲಾಗಿದೆ.

ಈಗಿನ ತೊಂದರೆ ಇಷ್ಟು. ಎರಡನೆಯ ಗೇರಿನಲ್ಲಿ ಪೂರ್ತಿ ಎಳೆದು ಮೂರನೆಯದಕ್ಕೆ ತಳ್ಳಿದರೆ ಕರಕರ ಸದ್ದು ಬರುತ್ತದೆ. ದೇವರಾಯನದುರ್ಗದ ಏರುರಸ್ತೆಯ ತಿರುವುಗಳಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗಲೂ ಹಾಗೆಯೇ. ನಿಧಾನವಾಗಿ ಓಡಿಸಿದರೆ ಏನೂ ಇಲ್ಲ. ದಿನವೂ ವಸಂತನರಸಾಪುರದ ಕೆಲಸಕ್ಕೆ ಹೋಗಿಬರುವಾಗ ಕಾರು ಬೆಣ್ಣೆಯಂತೆ ಇರುತ್ತದೆ. ಬಾಕ್ಸ್‌ನಲ್ಲಿ ಈಗ ಇರುವುದು 75ಡಬ್ಲ್ಯೂ-90 ದಪ್ಪದ, ಜಿಎಲ್-5 ದರ್ಜೆಯ ಗೇರ್ ಎಣ್ಣೆ.

ಗೇರ್ ಬೀಳುವ ಮೊದಲು ವೇಗಗಳನ್ನು ಸಮ ಮಾಡುವ ಸಿಂಕ್ರೊಗೆ ಮೂಲ ಹಿತ್ತಾಳೆ ರಿಂಗುಗಳನ್ನೇ ಹೊಸದಾಗಿ ಹಾಕಿಸಬೇಕೇ, ಹೊರದೇಶದಿಂದ ಕಾರ್ಬನ್ ಹೊದಿಕೆಯ ರಿಂಗ್ ತರಿಸಬೇಕೇ, ಅಥವಾ ಇಲ್ಲಿನ ಒಬ್ಬ ಮೆಕ್ಯಾನಿಕ್ ಹೇಳಿದಂತೆ ಸಿಂಕ್ರೊವನ್ನೇ ತೆಗೆದುಹಾಕಿ, ದಪ್ಪ ಕಚ್ಚುಗಳಿಂದ ನೇರವಾಗಿ ಕೂಡಿಕೊಳ್ಳುವ ಡಾಗ್ ಗೇರ್ ಸೆಟ್ ಕೂರಿಸಬೇಕೇ ಎಂಬುದು ನನ್ನ ಪ್ರಶ್ನೆ. ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಹೆಚ್ಚಾದದ್ದರಿಂದಲೇ ರಿಂಗುಗಳು ಸವೆದವು ಎಂದು ಅವರ ಅಭಿಪ್ರಾಯ. ವರ್ಷಕ್ಕೆ ಒಂದೆರಡು ಬಾರಿ ಕೊಯಮತ್ತೂರಿನ ‘ಕರಿ’ ಎಂಬ ರೇಸ್ ಟ್ರ್ಯಾಕಿಗೆ ಹೋಗುವ ಆಸೆಯಿದೆ. ಉಳಿದಂತೆ ಇದು ಮನೆಮಂದಿಯೆಲ್ಲ ಕೂರುವ ಕಾರು.

ಚಿಂತಾಮಣಿ ಮೇಷ್ಟ್ರು

ಬಾಕ್ಸ್ ಬಿಚ್ಚುವುದಕ್ಕೆ ಮುಂಚೆ ಆ ಕೊನೆಯ ಅಭಿಪ್ರಾಯವನ್ನು ಪಕ್ಕಕ್ಕಿಡಬೇಕು. ಎಂಜಿನ್ನಿನ ಟಾರ್ಕ್ ಸಿಂಕ್ರೊ ರಿಂಗಿನ ಮೂಲಕ ಹಾಯುವುದೇ ಇಲ್ಲ. ಗೇರ್ ಬಿದ್ದ ಮೇಲೆ ಶಕ್ತಿಯು ಶಾಫ್ಟಿನಿಂದ ಅದಕ್ಕೆ ಕೂತ ಹಬ್‌ಗೆ, ಹಬ್‌ನಿಂದ ಅದರ ಮೇಲೆ ಅತ್ತಿತ್ತ ಸರಿಯುವ ಸ್ಲೀವಿಗೆ, ಸ್ಲೀವಿನಿಂದ ಗೇರಿನ ಪಕ್ಕದಲ್ಲಿರುವ ಡಾಗ್ ಹಲ್ಲುಗಳಿಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ರಿಂಗಿನ ಕೆಲಸ ಮುಗಿದಿರುತ್ತದೆ. ಟಾರ್ಕ್ ವಿಪರೀತವಾದರೆ ಗೇರಿನ ಹಲ್ಲು ಮುರಿಯಬಹುದು, ಬೇರಿಂಗ್ ಹಾಳಾಗಬಹುದು, ಕೇಸಿಂಗ್ ಬಾಗಬಹುದು. ರಿಂಗ್ ಮಾತ್ರ ಅದರಿಂದ ಸವೆಯುವುದಿಲ್ಲ.

ರಿಂಗಿನ ಕೆಲಸವೆಂದರೆ ಎರಡು ವೇಗಗಳನ್ನು ಸಮ ಮಾಡುವುದು. ನೀವು ಲಿವರ್ ತಳ್ಳಿದಾಗ ಸ್ಲೀವಿನೊಂದಿಗೆ ಪುಟ್ಟ ಕೀಲಿಗಳು ಸರಿದು ರಿಂಗನ್ನು ಗೇರಿನ ಶಂಕುವಿನ (ಅದರ ಪಕ್ಕದಲ್ಲಿ ಚಾಚಿರುವ ಓರೆ ಮೈಯ) ಮೇಲೆ ಒತ್ತುತ್ತವೆ. ವೇಗದಲ್ಲಿ ವ್ಯತ್ಯಾಸ ಇರುವವರೆಗೂ ಘರ್ಷಣೆಯು ರಿಂಗನ್ನು ತುಸು ತಿರುಗಿಸಿ ಹಿಡಿದಿರುವುದರಿಂದ ಅದರ ಹಲ್ಲುಗಳು ಸ್ಲೀವಿನ ದಾರಿಗೆ ಅಡ್ಡ ನಿಲ್ಲುತ್ತವೆ. ವ್ಯತ್ಯಾಸ ಸೊನ್ನೆಯಾದ ಕ್ಷಣವೇ ಆ ಹಿಡಿತ ತಪ್ಪಿ, ಸ್ಲೀವಿನ ಓರೆ ಹಲ್ಲುಗಳು ರಿಂಗನ್ನು ಸರಿಸಿಕೊಂಡು ಒಳಹೋಗುತ್ತವೆ. ಕರಕರ ಎಂದರೆ ವೇಗ ಸಮವಾಗುವ ಮೊದಲೇ ಈ ಅಡ್ಡಗಟ್ಟು ಸೋತಿದೆ ಎಂದರ್ಥ. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೊಮೆಶ್ ಮೊದಲು ಬಂದ ನಂತರ ವಿನ್ಯಾಸ ಎಷ್ಟೋ ಬದಲಾಗಿದೆ, ಆದರೆ ಘರ್ಷಣೆಯಿಂದ ವೇಗ ಸಮ ಮಾಡುವ ತತ್ತ್ವ ಬದಲಾಗಿಲ್ಲ.

ಹಾಗಾದರೆ ಸಿಂಕ್ರೊಗೆ ಭಾರವಾಗುವುದು ಯಾವುದು? ಗೇರ್ ಬದಲಿಸುವ ಹೊತ್ತಿನಲ್ಲಿ ಎಂಜಿನ್ ಕಳಚಿಕೊಂಡಿರುತ್ತದೆ. ಆದರೆ ಕ್ಲಚ್ ಪ್ಲೇಟು, ಇನ್‌ಪುಟ್ ಶಾಫ್ಟು ಮತ್ತು ಅದರೊಂದಿಗೆ ತಿರುಗುವ ಗೇರುಗಳು ಹಳೆಯ ವೇಗದಲ್ಲೇ ಓಡುತ್ತಿರುತ್ತವೆ. ಇವನ್ನು ಹೊಸ ವೇಗಕ್ಕೆ ತರುವ ಹೊಣೆ ಆ ತೆಳ್ಳನೆಯ ರಿಂಗಿನದು. ಉದಾಹರಣೆಗೆ ಎರಡನೆಯ ಗೇರಿನ ಅನುಪಾತ 1.94, ಮೂರನೆಯದು 1.30 ಎಂದಿಟ್ಟುಕೊಳ್ಳಿ. 6500ರಲ್ಲಿ ಗೇರ್ ಬದಲಿಸಿದರೆ ಇನ್‌ಪುಟ್ ಶಾಫ್ಟ್ ಸುಮಾರು 2140 ಸುತ್ತು ಇಳಿಯಬೇಕು, 7200ರಲ್ಲಿ ಬದಲಿಸಿದರೆ ಸುಮಾರು 2375. ಹೆಚ್ಚಳ ಅಲ್ಪವೆಂದು ತೋರುತ್ತದೆ, ಆದರೆ ರಿಂಗು ನುಂಗಬೇಕಾದ ಶಕ್ತಿ ಈ ವ್ಯತ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ಹೊರೆ ಶೇಕಡ 23ರಷ್ಟು ಏರಿತು. ಕ್ಲಚ್ ಪ್ಲೇಟಿನ ಭಾರ, ಅದರಲ್ಲೂ ಅಂಚಿನ ಕಡೆಗಿರುವ ಭಾರ, ಇದರ ಮೇಲಿನ ಇನ್ನೊಂದು ಹೊರೆ. ನೀವು ಪಟ್ಟಿ ಮಾಡಿರುವ ಬದಲಾವಣೆಗಳಲ್ಲಿ ಸಿಂಕ್ರೊಗೆ ನೇರವಾಗಿ ಸಂಬಂಧಿಸಿದವು ಈ ಎರಡೇ. ಬೂಸ್ಟ್ ಅಲ್ಲ.

ಇನ್ನು ಎಣ್ಣೆ. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಜಿಎಲ್-4ಗಿಂತ ಹೆಚ್ಚು, ಅವು ಹಿತ್ತಾಳೆಯನ್ನು ತಿನ್ನುತ್ತವೆ. ಕಂಪನಿಯ ಕೈಪಿಡಿ ಯಾವುದನ್ನು ಹೇಳಿದೆ ಎಂದು ನೋಡಿ, ಅದನ್ನೇ ಹಾಕಿಸಿ.

ಹಣ ಖರ್ಚು ಮಾಡುವುದಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಕಾರು ಚೆನ್ನಾಗಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ತುಳಿದು, ಏಳೆಂಟು ಸೆಕೆಂಡು ಕಾದು ರಿವರ್ಸ್ ಹಾಕಿ. ಬಹಳಷ್ಟು ಹಳೆಯ ಬಾಕ್ಸ್‌ಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರುವುದಿಲ್ಲ. ಅಷ್ಟು ಕಾದರೂ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಎಂಜಿನ್ ಇನ್ನೂ ಇನ್‌ಪುಟ್ ಶಾಫ್ಟನ್ನು ಎಳೆಯುತ್ತಿದೆ ಎಂದು ತಿಳಿಯಿರಿ. ಆ ಸ್ಥಿತಿಯಲ್ಲಿ ಜಗತ್ತಿನ ಯಾವ ರಿಂಗ್ ಹಾಕಿದರೂ ಅದು ಎಂಜಿನ್ನಿನೊಂದಿಗೇ ಗುದ್ದಾಡಬೇಕಾಗುತ್ತದೆ.

ಅಂತರಸನಹಳ್ಳಿ ಗೇರ್‌ಬಾಕ್ಸ್

ಮೇಷ್ಟ್ರು ಹೇಳಿದ ಬುಡದ ಮಾತು ಸರಿ. ಎಣ್ಣೆಯ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಜಿಎಲ್-5 ಹಿತ್ತಾಳೆಯನ್ನು ತಿನ್ನುತ್ತದೆ ಎಂಬುದು ಹಳೆಯ ಕಾಲದ ಸೇರ್ಪಡೆಗಳಿಗೆ ಹೆಚ್ಚು ಅನ್ವಯಿಸುತ್ತದೆ. ನಾನು ಬಿಚ್ಚಿ ನೋಡಿದ ಬಾಕ್ಸ್‌ಗಳಲ್ಲಿ ದೊಡ್ಡ ತೊಂದರೆ ತಿನ್ನುವುದಲ್ಲ, ಜಾರುವುದು. ಡಿಫರೆನ್ಷಿಯಲ್‌ನ ಹಲ್ಲುಗಳಿಗೆಂದು ತಯಾರಾದ ಎಣ್ಣೆ ಶಂಕು ಮತ್ತು ರಿಂಗಿನ ನಡುವೆ ಬೇಕಾದ ಹಿಡಿತವನ್ನು ಕಡಿಮೆ ಮಾಡುತ್ತದೆ. ಹಿತ್ತಾಳೆ ರಿಂಗಿನ ಒಳಮೈಯಲ್ಲಿ ಸಣ್ಣ ಗೀರುಗಳಿರುವುದೇ ಎಣ್ಣೆಯ ಪದರವನ್ನು ಕತ್ತರಿಸಿ ಲೋಹಕ್ಕೆ ಲೋಹ ತಾಗಿಸಲು. ಆ ಗೀರುಗಳ ತುದಿ ಸವೆದು ನುಣುಪಾದ ರಿಂಗಿಗೆ ಜಾರುವ ಎಣ್ಣೆಯೂ ಸೇರಿದರೆ ಕರಕರ ಖಂಡಿತ. ಆದ್ದರಿಂದ ಜಿಎಲ್-4 ಹಾಕಬೇಕು ಎಂಬ ತೀರ್ಮಾನದಲ್ಲಿ ನಮ್ಮಿಬ್ಬರಿಗೆ ಭೇದವಿಲ್ಲ.

ಈಗ ಕಾರ್ಬನ್ ರಿಂಗ್. ಇದರ ನಿಜವಾದ ಲಾಭ ಬಿಸಿಯಲ್ಲಿ ಕಾಣುತ್ತದೆ. ಟ್ರ್ಯಾಕಿನಲ್ಲಿ ಒಂದೇ ಸಮನೆ ಮೇಲೆ ಕೆಳಗೆ ಗೇರ್ ಬದಲಿಸುವಾಗ ಹಿತ್ತಾಳೆಯ ಹಿಡಿತ ಏರುಪೇರಾಗುತ್ತದೆ, ಕಾರ್ಬನ್ನಿನದು ಹೆಚ್ಚು ಕಡಿಮೆ ಒಂದೇ ತೆರನಾಗಿ ನಿಲ್ಲುತ್ತದೆ, ಸವೆತವೂ ಕಡಿಮೆ. ಆದರೆ ರಿಂಗು ಉಜ್ಜುವುದು ಗೇರಿನ ಉಕ್ಕಿನ ಶಂಕುವಿನ ಮೇಲೆ. ಆ ಶಂಕು ಗೀರುಬಿದ್ದಿದ್ದರೆ ಅಥವಾ ಸುಟ್ಟು ನೀಲಿ ತಿರುಗಿದ್ದರೆ ದುಬಾರಿ ಕಾರ್ಬನ್ ಹೊದಿಕೆ ಬೇಗನೆ ಕಿತ್ತುಹೋಗುತ್ತದೆ. ಶಂಕುವನ್ನು ಲೇತಿಗೆ ಕೊಟ್ಟು ಸವರಿಸಿದರಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರ ಕೋನ ಸಾಮಾನ್ಯವಾಗಿ ಆರರಿಂದ ಏಳು ಡಿಗ್ರಿ. ಕೋನ ತಗ್ಗಿದಷ್ಟೂ ಹಿಡಿತ ಹೆಚ್ಚುತ್ತದೆ ನಿಜ, ಆದರೆ ತೀರಾ ತಗ್ಗಿದರೆ ರಿಂಗು ಶಂಕುವಿಗೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಜೊತೆಗೆ ಶಂಕುವಿನ ಮೇಲಿನ ಗಟ್ಟಿ ಪದರ ತೆಳುವಾಗಿದ್ದು, ಸವರಿದರೆ ಅದೂ ಹೋಗುತ್ತದೆ. ಶಂಕು ಕೆಟ್ಟಿದ್ದರೆ ಗೇರನ್ನೇ ಬದಲಿಸಬೇಕು.

ಬಾಕ್ಸ್ ಬಿಚ್ಚಿದ ಮೇಲೆ ಮೊದಲು ರಿಂಗನ್ನು ಶಂಕುವಿನ ಮೇಲೆ ಕೈಯಿಂದ ಒತ್ತಿ, ಅದರ ಮತ್ತು ಗೇರಿನ ಡಾಗ್ ಹಲ್ಲುಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಸುತ್ತಲೂ ಮೂರು ಕಡೆ ಅಳೆಯಿರಿ. ಹೊಸದರಲ್ಲಿ ಇದು ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನಲ್ಲಿರುತ್ತದೆ, 0.5 ಮಿ.ಮೀ.ಗೆ ಇಳಿದರೆ ರಿಂಗಿನ ಆಯುಷ್ಯ ಮುಗಿದಂತೆಯೇ, ನಿಖರ ಮಿತಿಗೆ ನಿಮ್ಮ ಬಾಕ್ಸಿನ ಕೈಪಿಡಿ ನೋಡಿ. ಮೂರು ಕಡೆಯೂ ಬೇರೆ ಬೇರೆ ಅಳತೆ ಬಂದರೆ ರಿಂಗು ಓರೆಯಾಗಿ ಸವೆದಿದೆ. ಆಮೇಲೆ ಕೀಲಿಗಳು, ಅವುಗಳ ಸ್ಪ್ರಿಂಗು, ಸ್ಲೀವಿನ ಒಳಹಲ್ಲುಗಳ ತುದಿ. ಬಹುಪಾಲು ಜನ ರಿಂಗು ಮಾತ್ರ ಬದಲಿಸಿ ಸ್ಲೀವನ್ನು ಹಾಗೆಯೇ ಬಿಡುತ್ತಾರೆ. ತುಂಬಾ ದಿನ ಕರಕರ ಎಂದ ಗೇರಿನಲ್ಲಿ ಸ್ಲೀವು ಮತ್ತು ಡಾಗ್ ಹಲ್ಲುಗಳ ಚೂಪಾದ ತುದಿ ಮೊಂಡಾಗಿರುತ್ತದೆ. ಹೊಸ ರಿಂಗು ವೇಗವನ್ನು ಸಮ ಮಾಡಿದರೂ ಮೊಂಡು ಹಲ್ಲು ಒಳಗೆ ಸೇರಲು ತಡವರಿಸುತ್ತದೆ. ಮಾಲೀಕರು ಆಗ ರಿಂಗನ್ನು ಬೈಯುತ್ತಾರೆ.

ಕಿಟ್ ತರಿಸುವಾಗ ನಿಮ್ಮ ಬಾಕ್ಸಿನ ಕೋಡ್ ನೋಡಿಯೇ ತರಿಸಿ. ಸಿಂಕ್ರೊಗಳೆಲ್ಲ ಒಂದೇ ಜಾತಿಯಲ್ಲ. ಪೋರ್ಷೆ 911 ಬಹುಕಾಲ ತನ್ನದೇ ಆದ ಸೀಳು ಉಂಗುರದ ಸಿಂಕ್ರೊ ಬಳಸುತ್ತಿತ್ತು, 1987ರ ಮಾದರಿಯಿಂದ ಜಿ50 ಬಾಕ್ಸ್ ಬಂದಾಗ ಶಂಕು ರಿಂಗಿಗೆ ಬದಲಾಯಿತು. ಒಂದೇ ಕಾರು, ಎರಡು ಬಾಕ್ಸ್, ರಿಂಗುಗಳಿಗೆ ಒಂದಕ್ಕೊಂದು ನಂಟೇ ಇಲ್ಲ. ನಿಮ್ಮ ಬಾಕ್ಸಿಗೆ ಎರಡು ಅಥವಾ ಮೂರು ಶಂಕುಗಳ ಸಿಂಕ್ರೊ ಅದೇ ಕಂಪನಿಯ ನಂತರದ ಮಾದರಿಗಳಿಂದ ಹೊಂದುವಂತಿದ್ದರೆ, ನಾನಾದರೆ ಕಾರ್ಬನ್ನಿಗಿಂತ ಮೊದಲು ಅದನ್ನೇ ಆರಿಸುತ್ತೇನೆ. ಅದೇ ಕೈಬಲಕ್ಕೆ ಉಜ್ಜುವ ಮೈ ಹೆಚ್ಚುವುದರಿಂದ ಹಿಡಿತ ನೇರವಾಗಿ ಹೆಚ್ಚುತ್ತದೆ. ಬಿಡಿಭಾಗವೂ ನಾಳೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಸಾಧ್ಯತೆಯಿದೆ.

ಮುಳಬಾಗಿಲು ರ‍್ಯಾಲಿ

ಡಾಗ್ ಬಾಕ್ಸಿನ ವಿಷಯಕ್ಕಷ್ಟೇ ಉತ್ತರಿಸುತ್ತೇನೆ: ಬೇಡ. ಅದರಲ್ಲಿ ಸಣ್ಣ ಸಣ್ಣ ಹಲ್ಲುಗಳ ಬದಲು ಕೆಲವೇ ದಪ್ಪ ಕಚ್ಚುಗಳಿದ್ದು, ಅವುಗಳ ನಡುವೆ ದೊಡ್ಡ ಸಂದು ಇರುತ್ತದೆ. ಒಂದೇ ಏಟಿಗೆ ಗಟ್ಟಿಯಾಗಿ ಹಾಕಿದರೆ ಅದಕ್ಕೆ ಆಯುಷ್ಯ. ಟ್ರಾಫಿಕ್ಕಿನಲ್ಲಿ ನಯವಾಗಿ ಹಾಕಲು ಹೋದರೆ ಕಚ್ಚಿನ ಅಂಚುಗಳೇ ದುಂಡಗಾಗುತ್ತವೆ, ಆಮೇಲೆ ಗೇರ್ ಹಾರುತ್ತದೆ. ಡಾಗ್ ಬಾಕ್ಸ್ ಎಂದರೆ ಊಳಿಡುತ್ತದೆ ಎನ್ನುವವರಿದ್ದಾರೆ, ಆ ಊಳು ನೇರ ಹಲ್ಲಿನ ಗೇರುಗಳದ್ದು, ಕಚ್ಚಿನದ್ದಲ್ಲ. ಓರೆ ಹಲ್ಲಿನ ಡಾಗ್ ಸೆಟ್ಟುಗಳೂ ಇವೆ. ಹಾಗಿದ್ದರೂ ತಾಯಿಯನ್ನು ಕೂರಿಸಿಕೊಂಡು ಕ್ಯಾತಸಂದ್ರದ ಟೋಲ್ ಸಾಲಿನಲ್ಲಿ ತೆವಳುವ ಕಾರಿಗೆ ಅದು ತಕ್ಕುದಲ್ಲ. ಎರಡನೆಯದಕ್ಕೆ ಇಳಿಸುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಮತ್ತೆ ಕ್ಲಚ್ ತುಳಿದು ಗೇರ್ ಹಾಕುವ ಅಭ್ಯಾಸ ಮಾಡಿಕೊಳ್ಳಿ, ಸಿಂಕ್ರೊದ ಹೊರೆ ಬಹುಪಾಲು ಇಳಿಯುತ್ತದೆ.

ಸಿರಾಗೇಟ್ ಟರ್ಬೊ, ತುಮಕೂರು

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ನೀವು ಹೇಳಿದ ಪರೀಕ್ಷೆ ಮಾಡಿದೆ. ಬೆಳಿಗ್ಗೆ ತಣ್ಣಗಿದ್ದಾಗ ರಿವರ್ಸ್ ಸದ್ದಿಲ್ಲದೆ ಬಿತ್ತು. ದೇವರಾಯನದುರ್ಗಕ್ಕೆ ಹೋಗಿಬಂದು ಎಂಜಿನ್ ಕೋಣೆ ಚೆನ್ನಾಗಿ ಕಾದ ಮೇಲೆ ಅದೇ ಪರೀಕ್ಷೆಯಲ್ಲಿ ಕರ್ ಎಂದಿತು. ಕ್ಲಚ್ ಪೆಡಲ್ ಕೂಡ ಬಿಸಿಯಾದಾಗ ನೆಲದ ಹತ್ತಿರಕ್ಕೆ ಬಂದಾಗಲೇ ಬಿಡುತ್ತದೆ ಎಂಬುದು ಈಗ ಗಮನಕ್ಕೆ ಬಂತು. ಕೈಪಿಡಿಯಲ್ಲಿ ಜಿಎಲ್-4 ಎಂದೇ ಇದೆ. ಹಾಗಾದರೆ ರಿಂಗುಗಳು ಚೆನ್ನಾಗಿಯೇ ಇರಬಹುದೇ?

ಚಿಂತಾಮಣಿ ಮೇಷ್ಟ್ರು

ಬಿಸಿಯಲ್ಲಿ ಮಾತ್ರ ಕಾಣಿಸುತ್ತದೆ ಎಂದರೆ ಮೊದಲ ಅನುಮಾನ ಪೆಡಲಿನ ಒತ್ತಡವನ್ನು ದ್ರವದ ಮೂಲಕ ಕ್ಲಚ್‌ಗೆ ಮುಟ್ಟಿಸುವ ಹೈಡ್ರಾಲಿಕ್ ಕಡೆಗೆ. ಕ್ಲಚ್ ದ್ರವ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯದಾದರೆ ಕುದಿಯುವ ಮಟ್ಟ ತಗ್ಗಿ, ಟರ್ಬೊ ಹತ್ತಿರದ ಬಿಸಿಗೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳಬಹುದು. ಜೊತೆಗೆ ನಿಮ್ಮ ಪ್ರೆಶರ್ ಪ್ಲೇಟ್ ಮೊದಲಿನದಕ್ಕಿಂತ ಗಟ್ಟಿ. ಅದನ್ನು ಒತ್ತಲು ಹೆಚ್ಚಿನ ಒತ್ತಡ ಬೇಕು, ಆ ಒತ್ತಡಕ್ಕೆ ಹಳೆಯ ರಬ್ಬರ್ ಹೋಸ್ ಉಬ್ಬುತ್ತದೆ, ಉಬ್ಬಿದಷ್ಟೂ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ಚಲನೆ ಕಡಿಮೆಯಾಗುತ್ತದೆ. ಉಕ್ಕಿನ ಹೆಣಿಗೆಯ ಹೋಸ್ ಹಾಕಿಸಿ, ಕಂಪನಿ ಹೇಳಿದ ದರ್ಜೆಯ ಹೊಸ ದ್ರವ ತುಂಬಿಸಿ ಗಾಳಿ ತೆಗೆಸಿ, ಪೆಡಲಿನ ಪುಶ್‌ರಾಡ್ ಸರಿಹೊಂದಿಸಿ. ಬಿಸಿಯಲ್ಲಿ ಮತ್ತೆ ಅದೇ ಪರೀಕ್ಷೆ ಮಾಡಿ. ಅದಾದರೂ ಎಳೆಯುತ್ತಿದ್ದರೆ ಕ್ಲಚ್ ಪ್ಲೇಟ್ ಬಾಗಿರುವುದನ್ನೂ ಇನ್‌ಪುಟ್ ಶಾಫ್ಟಿನ ತುದಿಯ ಬೇರಿಂಗನ್ನೂ ನೋಡಬೇಕು.

ಅಂತರಸನಹಳ್ಳಿ ಗೇರ್‌ಬಾಕ್ಸ್

ರಿಂಗುಗಳು ಚೆನ್ನಾಗಿರಬಹುದು ಎಂದು ನಾನು ನಂಬುವುದಿಲ್ಲ. ಕ್ಲಚ್ ಎಳೆಯುತ್ತಿದ್ದಷ್ಟೂ ದಿನ ಅವು ಎಂಜಿನ್ ಹೊರೆ ಹೊತ್ತಿವೆ. ಹೈಡ್ರಾಲಿಕ್ ಸರಿಮಾಡಿ ಒಂದಷ್ಟು ದಿನ ಓಡಿಸಿ. 7200ರಲ್ಲಿ ಸದ್ದು ಉಳಿದರೆ ಬಾಕ್ಸ್ ಇಳಿಸೋಣ. ಇಳಿಸಿದಾಗ ಕ್ಲಚ್ ಪ್ಲೇಟನ್ನೂ ಅದೇ ಕೂಲಿಯಲ್ಲಿ ಬದಲಿಸಬಹುದು. ಬಿಡಿಬಿಡಿ ತುಂಡುಗಳ ಸಿಂಟರ್ (ಲೋಹದ ಪುಡಿ ಒತ್ತಿ ಮಾಡಿದ) ಪ್ಲೇಟಿನ ಭಾರ ಕಡಿಮೆ, ಆದರೆ ಹಿಡಿಯುವಾಗ ಎಗರುತ್ತದೆ, ಮನೆಯವರಿಗೆ ಹಿಡಿಸದು. ನಿಮಗೆ ಪೂರ್ತಿ ಸುತ್ತಿನ, ಮೂಲದಷ್ಟೇ ಭಾರದ ಪ್ಲೇಟು ಸಾಕು. ಎರಡು ಮತ್ತು ಮೂರನೆಯ ಗೇರಿಗೆ ಮಾತ್ರ ಬಹುಶಂಕು ಅಥವಾ ಕಾರ್ಬನ್, ಉಳಿದವಕ್ಕೆ ಮೂಲ ಹಿತ್ತಾಳೆ ರಿಂಗ್. ಕಾರ್ಬನ್ ಹಾಕಿದರೆ ಎಣ್ಣೆಯನ್ನು ರಿಂಗ್ ತಯಾರಕರು ಹೇಳಿದ್ದೇ ಹಾಕಬೇಕು. ಮೊದಲ ಕೆಲವು ನೂರು ಕಿ.ಮೀ. ಗೇರನ್ನು ಒರಟಾಗಿ ಎಳೆಯಬಾರದು.

ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸುವುದಾದರೆ ಒಂದು ಮಾತನ್ನು ಅಲ್ಲಿ ತಪ್ಪದೆ ಹೇಳಿ: ಹಬ್ ಮತ್ತು ಸ್ಲೀವ್ ಬೇರೆ ಮಾಡುವ ಮೊದಲು ಎರಡರ ಮೇಲೂ ಗುರುತು ಹಾಕಬೇಕು. ಅವು ಜೊತೆಯಾಗಿ ಉಜ್ಜಿಕೊಂಡು ಕೂತಿರುತ್ತವೆ. ಸ್ಲೀವನ್ನು ಹಿಂದುಮುಂದು ಮಾಡಿಯೋ ಒಂದು ಹಲ್ಲು ಸರಿಸಿಯೋ ಜೋಡಿಸಿದರೆ ಹೊಸ ರಿಂಗಿದ್ದರೂ ಲಿವರ್ ಬಿಗಿಯಾಗುತ್ತದೆ.