ಚಿಟ್ಟಿಯ (ಚಿಟ್ ಫಂಡಿನ) ಹಣ ಕೈಗೆ ಬಂದಿದೆ, ಕಾರ್ಡಿನ ಸಾಲಕ್ಕೆ ಪೂರ್ತಿ ಹಾಕಲೇ?

ಬದಿಯಡ್ಕದಿಂದ ಕೇಳಿದ್ದು:
ಎರಡು ವರ್ಷಗಳ ಹಿಂದೆ ಯಜಮಾನರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ ಎರಡು ಕ್ರೆಡಿಟ್ ಕಾರ್ಡುಗಳನ್ನು ಉಜ್ಜಿದೆವು. ಈಗ ಒಂದರಲ್ಲಿ 1,40,000 ರೂಪಾಯಿ ಬಾಕಿ, ತಿಂಗಳಿಗೆ ಶೇ. 3.5 ಬಡ್ಡಿ. ಇನ್ನೊಂದರಲ್ಲಿ 62,000, ಬಡ್ಡಿ ಶೇ. 3. ಪ್ರತಿ ತಿಂಗಳೂ ಕನಿಷ್ಠ ಮೊತ್ತ ತಪ್ಪದೆ ಕಟ್ಟುತ್ತಿದ್ದೇನೆ, ಆದರೂ ಸಾಲ ಕರಗುತ್ತಿಲ್ಲ. ಈಗ ಚಿಟ್ಟಿಯ 1,80,000 ರೂಪಾಯಿ ಬಂದಿದೆ. "ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇಡು, ಕಷ್ಟಕಾಲಕ್ಕೆ ಆಗುತ್ತದೆ" ಎಂದು ಮಾವ ಹೇಳುತ್ತಾರೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮಂಜೇಶ್ವರದಿಂದ:
ಅಕ್ಕಾ, ಚಿಟ್ಟಿ ಅವಧಿ ಮುಗಿದು ಬಂದ ಹಣವೋ, ನಡುವೆ ಹರಾಜಿನಲ್ಲಿ ಕೂಗಿ ಹಿಡಿದದ್ದೋ? ನಾನು ನಡುವೆ ಹಿಡಿದು ಕಾರ್ಡಿಗೆ ಕಟ್ಟಿದೆ. ಆಮೇಲೂ ಹದಿನಾಲ್ಕು ಕಂತು ಬಾಕಿ ಇತ್ತು. ಅದಕ್ಕೆ ಹಣ ಹೊಂದಿಸಲಾಗದೆ ಮತ್ತೆ ಕಾರ್ಡನ್ನೇ ಹೊರತೆಗೆದೆ.

ಬದಿಯಡ್ಕ:
ಅವಧಿ ಮುಗಿದದ್ದು, ಕಂತು ಬಾಕಿ ಇಲ್ಲ.

ನೀರ್ಚಾಲಿನಿಂದ:
ಹಾಗಿದ್ದರೆ ಯೋಚಿಸುವುದೇ ಬೇಡ ತಂಗಿ. ಒಂದು ಕಾಗದ ತೆಗೆದುಕೊಂಡು ಮಾವನ ಮುಂದೆ ಕುಳಿತು ಲೆಕ್ಕ ಬರೆಯಿರಿ. 1,40,000ಕ್ಕೆ ಶೇ. 3.5ರಂತೆ ತಿಂಗಳಿಗೆ 4,900 ರೂಪಾಯಿ ಬಡ್ಡಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 882. ಒಟ್ಟು 5,782. ನೀವು ಶೇ. 5ರಂತೆ ಕನಿಷ್ಠ ಮೊತ್ತ 7,000 ಕಟ್ಟಿದರೆ ಅಸಲಿಗೆ ಹೋಗುವುದು 1,218 ಮಾತ್ರ. ಇನ್ನು ಠೇವಣಿ: ವರ್ಷಕ್ಕೆ ಶೇ. 7.5 ಸಿಕ್ಕಿತು ಎಂದೇ ಇಟ್ಟುಕೊಳ್ಳಿ, 1,80,000ಕ್ಕೆ ತಿಂಗಳಿಗೆ 1,125 ರೂಪಾಯಿ. ಮಾವ ಅಡಿಕೆ ಕೃಷಿಕರಾದರೆ ಅವರಿಗೆ ಈ ಲೆಕ್ಕ ನಮಗಿಂತ ಬೇಗ ಅರ್ಥವಾಗುತ್ತದೆ. ಬೆಲೆ ಬರಲಿ ಎಂದು ಒಣಗಿಸಿದ ಚಾಲಿ ಅಡಿಕೆಯನ್ನು ಅಟ್ಟದಲ್ಲಿಟ್ಟು ಕಾಯಬಹುದು, ಏಕೆಂದರೆ ಅಟ್ಟಕ್ಕೆ ಯಾರೂ ಬಡ್ಡಿ ಕೇಳುವುದಿಲ್ಲ.

ನಾನು ಹೀಗೆ ಬರೆಯುವುದಕ್ಕೆ ಕಾರಣವಿದೆ. ಮಗಳ ಮದುವೆಯ ನಂತರ ನನ್ನ ಕಾರ್ಡಿನಲ್ಲಿ 96,000 ಬಾಕಿ ಇತ್ತು, ಠೇವಣಿಯಲ್ಲಿ 1,00,000 ಇತ್ತು. ಠೇವಣಿ ಮುರಿಯಲು ಮನಸ್ಸು ಬಾರದೆ ಹನ್ನೊಂದು ತಿಂಗಳು ಕಳೆದೆ. ಅಷ್ಟೂ ತಿಂಗಳು ಬಡ್ಡಿಗೆ ಹೋದ ಹಣ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಕೊನೆಗೆ ಬಿಲ್ಲಿನಲ್ಲಿದ್ದ ಮೊತ್ತವನ್ನು ಪೈಸೆ ಬಿಡದೆ ಗಡುವಿನ ದಿನ ಕಟ್ಟಿ ನೆಮ್ಮದಿಯಿಂದ ಮಲಗಿದೆ. ಮರುತಿಂಗಳು ಮತ್ತೆ 2,300 ಚಿಲ್ಲರೆಯ ಬಿಲ್ಲು! ಬಿಲ್ಲು ಮಾಡಿದ ದಿನದಿಂದ ನಾನು ಕಟ್ಟಿದ ದಿನದವರೆಗಿನ ಬಡ್ಡಿ ಅದು. ಆದ್ದರಿಂದ ಬಿಲ್ಲನ್ನು ನೋಡಿ ಕಟ್ಟಬೇಡಿ. ಫೋನ್ ಮಾಡಿ "ಇಂದಿನ ತಾರೀಕಿಗೆ ಪೂರ್ತಿ ಮುಗಿಸಲು ಎಷ್ಟು" ಎಂದು ಕೇಳಿ, ಅಷ್ಟನ್ನು ಅದೇ ದಿನ ಕಟ್ಟಿ. ಮುಂದಿನ ಬಿಲ್ಲು ಸೊನ್ನೆ ಎಂದು ಬರುವವರೆಗೆ ಆ ಕಾರ್ಡಿನಲ್ಲಿ ಒಂದು ಕಿಲೋ ಅಕ್ಕಿಯನ್ನೂ ಕೊಳ್ಳಬೇಡಿ. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ.

ನಿಮ್ಮ 1,80,000ದಲ್ಲಿ ದೊಡ್ಡ ಬಡ್ಡಿಯ ಕಾರ್ಡನ್ನು ಪೂರ್ತಿ ಮುಗಿಸಿ, ಎರಡನೆಯದಕ್ಕೆ 20,000 ಹಾಕಿ. ಉಳಿದದ್ದು ಕೈಯಲ್ಲಿರಲಿ. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಮಳೆಯೂ ಬರುತ್ತದೆ. ಮನೆಯಲ್ಲಿ ಒಂದು ರೂಪಾಯಿಯೂ ಇಲ್ಲದಂತೆ ಮಾಡಿಕೊಂಡರೆ ಮತ್ತೆ ಕಾರ್ಡಿಗೇ ಕೈ ಹೋಗುತ್ತದೆ.

ಉಪ್ಪಳದಿಂದ:
"ಅರ್ಧ ಕಟ್ಟಿ, ಉಳಿದದ್ದನ್ನು ಬಿಡುತ್ತೇವೆ" ಎಂದು ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ಒಪ್ಪಬೇಡಿ. ನಾನು ಒಪ್ಪಿದ್ದೆ. ನಾಲ್ಕು ವರ್ಷಗಳ ನಂತರ ಮನೆ ಸಾಲಕ್ಕೆ ಹೋದಾಗ ಮ್ಯಾನೇಜರರು ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸಿದರು. ನಾವು ಸಾಲ ಹೇಗೆ ತೀರಿಸಿದ್ದೇವೆ ಎಂದು ಬ್ಯಾಂಕುಗಳು ನೋಡುವ ಸಿಬಿಲ್ ವರದಿಯಲ್ಲಿ ಆ ಕಾರ್ಡಿನ ಎದುರು 'ಸೆಟಲ್ಡ್' (ರಾಜಿಯಲ್ಲಿ ಮುಗಿಸಿದ್ದು) ಎಂದಿತ್ತು. ಪೂರ್ತಿ ಕಟ್ಟಿದವರಿಗೆ 'ಕ್ಲೋಸ್ಡ್' ಎಂದಿರುತ್ತದೆ. ಆ ಒಂದು ಶಬ್ದಕ್ಕೆ ಸಾಲ ಸಿಗಲಿಲ್ಲ.

ಪೆರ್ಲದಿಂದ:
ಬಡ್ಡಿ ಇಳಿದೀತು ಎಂದು ಕಾಯುವುದರಲ್ಲೂ ಅರ್ಥವಿಲ್ಲ. ವರ್ಷಕ್ಕೆ ಶೇ. 30 ಮೀರಬಾರದು ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದೆ. ಎರಡನೇ ಕಾರ್ಡಿನ ಉಳಿಕೆಗೆ ನಾನಾದರೆ ಒಂದು ಬಳೆ ಅಡವಿಟ್ಟು ಬ್ಯಾಂಕಿನಿಂದ ಚಿನ್ನದ ಸಾಲ ತೆಗೆಯುತ್ತಿದ್ದೆ. ವರ್ಷಕ್ಕೆ ಶೇ. 36ರ ಎದುರು ಅದರ ಬಡ್ಡಿ ಎಷ್ಟೋ ಕಡಿಮೆ. ಬಾಕಿ ಮುಗಿದ ಕಾರ್ಡನ್ನು ರದ್ದು ಮಾಡಲು ಬರವಣಿಗೆಯಲ್ಲೇ ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.

ಬದಿಯಡ್ಕ:
ಎಲ್ಲರಿಗೂ ಕೃತಜ್ಞತೆಗಳು. ನೀರ್ಚಾಲಿನ ಅಣ್ಣನ ಲೆಕ್ಕವನ್ನು ಮಗನ ನೋಟ್‌ಬುಕ್ಕಿನಲ್ಲಿ ಬರೆದು ಮಾವನಿಗೆ ಕೊಟ್ಟೆ. ಕನ್ನಡಕ ಹಾಕಿ ಎರಡು ಸಲ ಓದಿದರು. 882 ಎಂಬಲ್ಲಿ ಬೆರಳಿಟ್ಟು "ಬಡ್ಡಿಗೂ ತೆರಿಗೆಯೇ?" ಎಂದು ಕೇಳಿದರು. ಇಂದು ಬೆಳಿಗ್ಗೆ ಫೋನ್ ಮಾಡಿ ಮೊತ್ತ ಕೇಳಿದೆ, 1,42,310 ಎಂದರು. ಕಟ್ಟಿದೆ. ರಸೀದಿ ನೋಟ್‌ಬುಕ್ಕಿನೊಳಗೇ ಇದೆ. ಬಳೆಯ ವಿಷಯ ಯಜಮಾನರೊಂದಿಗೆ ಮಾತನಾಡಬೇಕು.