ವಿಶೇಷಾಂಕದ ಮುಖಪುಟ: ಬೆಂಗಳೂರನ್ನು ಹೇಗೆ ಬರೆಯಲಿ?

ಬಣ್ಣದಡಬ್ಬಿ:
ಕನ್ನಡ ಮಾಸಪತ್ರಿಕೆಯೊಂದರ ಬೆಂಗಳೂರು ವಿಶೇಷಾಂಕಕ್ಕೆ ಮುಖಪುಟದ ಚಿತ್ರ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ವಿಧಾನಸೌಧ, ಮೆಟ್ರೊ, ಕೆಂಪೇಗೌಡ ಗೋಪುರ, ಕರಗ, ಮಸಾಲೆ ದೋಸೆ ಎಲ್ಲವನ್ನೂ ತುರುಕಿದ್ದೆ. ಪ್ರವಾಸಿಗರಿಗೆ ಹಂಚುವ ಭಿತ್ತಿಪತ್ರದಂತೆ ಕಂಡಿತು, ಹರಿದು ಹಾಕಿದೆ.

ಕಳೆದ ವಾರ ಬೆಳಗಿನ ಐದಕ್ಕೆ ಕೆ.ಆರ್. ಮಾರುಕಟ್ಟೆಗೆ ಹೋಗಿದ್ದೆ. ಮೇಲ್ಸೇತುವೆಯ ಬಳಿ ಕುಳಿತಿದ್ದ ಹೂವಿನಮ್ಮ ಸೇವಂತಿಗೆ ಮಾಲೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಮೊಳ ಹಾಕುತ್ತಿದ್ದರು. ಬುಟ್ಟಿಯ ಅಂಚಿನಲ್ಲಿ ಕ್ಯೂಆರ್ ಕೋಡ್ ಫಲಕ, ಅದರ ಮೇಲೆ ಜೋತುಬಿದ್ದ ಒದ್ದೆ ಬಾಳೆನಾರು. ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ಹಾಕಿದ್ದ ಹುಡುಗಿಯೊಬ್ಬಳು ಎರಡು ಮೊಳ ಕೊಂಡಳು. ಹಣ ಬಂದಿತೆಂದು ಪುಟ್ಟ ಪೆಟ್ಟಿಗೆ ಕನ್ನಡದಲ್ಲೇ ಕೂಗಿತು. ಅಷ್ಟರಲ್ಲಿ ಅಮ್ಮ ಇನ್ನೂ ನಾಲ್ಕು ಬೆರಳಷ್ಟು ಕೊಸರು ಬಿಟ್ಟು ಮಾಲೆ ಕತ್ತರಿಸಿದರು.

ಆ ಕೈ ಒಂದೇ ಮುಖಪುಟ ತುಂಬಬೇಕೆಂಬುದು ನನ್ನ ಆಸೆ. ಸಂಪಾದಕರು, "ಇದು ಬೆಂಗಳೂರೆಂದು ತಿಳಿಯುವುದು ಹೇಗೆ? ಹಿಂದೆ ವಿಧಾನಸೌಧವಾದರೂ ಇರಲಿ" ಎನ್ನುತ್ತಾರೆ. ಏನು ಮಾಡಲಿ?

ತಿಗಳರಪೇಟೆ:
ಕೈಯನ್ನು ಬಿಡಬೇಡಿ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಟಾಗ ಮಲ್ಲಿಗೆಯ ಮಳೆಯನ್ನೇ ಸುರಿಸುವ ಜನ ನಾವು. ಹೂವಿನಲ್ಲಿ ಈ ಊರು ಕಾಣುವುದಿಲ್ಲ ಎಂದರೆ ಒಪ್ಪಲಾರೆ. ವಿಧಾನಸೌಧ ಮುಗಿದದ್ದು 1956ರಲ್ಲಿ. ಮಾರುಕಟ್ಟೆಯ ಕಟ್ಟಡ 1928ರದು. ಹಿರಿತನ ನೋಡಿದರೂ ನಿಮ್ಮ ಹೂವಿನಮ್ಮನ ಜಾಗಕ್ಕೇ ಮೊದಲ ಮಣೆ.

ಅಚ್ಚಿನಮನೆ:
ಸಂಪಾದಕರ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಬರುವಂತೆ ತೂಗುಹಾಕಿದಾಗ ಮೇಲಿನ ಭಾಗ ಮಾತ್ರ ಕಾಣುತ್ತದೆ. ಪತ್ರಿಕೆಯ ಹೆಸರಿನ ಕೆಳಗೆ, ಮಸುಕಾಗಿ ಒಂದು ಸಿಟಿ ಬಸ್ಸು ನಿಲ್ಲಿಸಿ; ಹಣೆಯ ಫಲಕದಲ್ಲಿ "ಕೆ.ಆರ್. ಮಾರುಕಟ್ಟೆ" ಎಂದು ಓದಿಸಿಕೊಂಡರೆ ಸಾಕು.

ಇನ್ನು ಬಣ್ಣ. ಪರದೆಯ ಮೇಲೆ ಹೊಳೆಯುವುದೆಲ್ಲ ಕಾಗದಕ್ಕೆ ಇಳಿಯುವುದಿಲ್ಲ; ಆರಂಭದಿಂದಲೇ ಸಿಎಂವೈಕೆಯಲ್ಲಿ, ಅಂದರೆ ಅಚ್ಚಿನ ನಾಲ್ಕು ಶಾಯಿಗಳಾದ ಸಯಾನ್ (ಹಸಿರು ಮಿಶ್ರಿತ ನೀಲಿ), ಮಜೆಂಟಾ (ಕಡುಗುಲಾಬಿ), ಹಳದಿ, ಕಪ್ಪಿನಲ್ಲಿ ಪರೀಕ್ಷಿಸುತ್ತಿರಿ. ಸೇವಂತಿಗೆಯ ಹಳದಿಗೆ ಸಯಾನ್ ತುಸು ಬೆರೆತರೂ ಹಸಿರು ಛಾಯೆ ಬರುತ್ತದೆ. ನೆರಳಿಗೆ ಮಜೆಂಟಾ ಬಳಸಿ. ಮುಂಜಾವಿನ ನೀಲಿಯಲ್ಲಿ ಮಾತ್ರ ಅದೇ ಮಜೆಂಟಾ ಹೆಚ್ಚಾದರೆ ಆಕಾಶ ನೇರಳೆಯಾಗುತ್ತದೆ. ಸುತ್ತ 3 ಮಿ.ಮೀ. ಕತ್ತರಿಗೆ ಬಿಡಿ; ಬೆರಳ ತುದಿಗಳು ಅಂಚಿನ ಹತ್ತಿರ ಸುಳಿಯದಿರಲಿ.

ಬಣ್ಣದಡಬ್ಬಿ:
ಇಬ್ಬರಿಗೂ ಧನ್ಯವಾದ. ಬಸ್ಸಿನ ಫಲಕ ಸೇರಿಸಿ ಪೆನ್ಸಿಲ್ ಕರಡು ಕಳುಹಿಸಿದೆ. ವಿಧಾನಸೌಧದ ಮಾತು ಮತ್ತೆ ಬರಲಿಲ್ಲ. ನಾಳೆ ಇನ್ನೊಮ್ಮೆ ಐದಕ್ಕೆ ಹೋಗುತ್ತೇನೆ. ಅಮ್ಮನ ಹೆಬ್ಬೆರಳಿಗೆ ನಾರು ಎಷ್ಟು ಸುತ್ತು ಬಂದಿತ್ತೆಂದು ಸರಿಯಾಗಿ ನೋಡಿಕೊಂಡಿರಲಿಲ್ಲ.